ಡಬ್ಬಿ ಖಾಲಿಯೇ ಬರಬೇಕು

ನಿವೃತ್ತಿಯಾದ ಮೇಲೆ ದೇಶ ಸುತ್ತುತ್ತೇನೆ ಎಂದು ನಮ್ಮ ವಿಮಾ ಕಚೇರಿಯಲ್ಲಿ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೆ. ಈಗ ನಾನು ಸುತ್ತುವುದಿಲ್ಲ, ಡಬ್ಬಿಗಳು ಸುತ್ತುತ್ತವೆ. ಜಯನಗರದ ನಮ್ಮ ಮನೆಯ ಹಿಂದಿನ ವರಾಂಡದಲ್ಲಿ, ಒಗೆಯುವ ಕಲ್ಲಿನ ಪಕ್ಕ ಹಾಕಿದ ಮೇಜಿನ ಹಿಂದೆ ಕೂತು, ಒಂದೊಂದೇ ಸ್ಟೀಲ್ ಡಬ್ಬಿಯನ್ನು ಬೋರಲು ಮಾಡಿ ಅದರ ತಳಕ್ಕೆ ಫೋನು ಹಿಡಿಯುವುದು ನನ್ನ ಕೆಲಸ. ತಳದಲ್ಲಿ ಕೊರೆದಿರುವ ಚೌಕದ ಗುರುತನ್ನು ಓದಿ ಫೋನು 'ಟಿಣ್' ಎನ್ನುತ್ತದೆ. ಊಟ ತುಂಬಿಕೊಂಡು ಹೊರಡುವಾಗ ಒಂದು ಟಿಣ್, ಮನೆಗಳಿಂದ ವಾಪಸ್ ಬಂದಾಗ ಇನ್ನೊಂದು ಟಿಣ್. ಸೀನು ಎಂಬ ಮನುಷ್ಯನೊಬ್ಬ ಈ ಮೇಜಿನ ಹಿಂದೆ ಇದ್ದಾನೆ ಎಂಬುದು ಆ ಫೋನಿಗೆ ಗೊತ್ತಿಲ್ಲ. ಅದರ ಪಾಲಿಗೆ ನಾನು 'ರಿಟರ್ನ್ ಪಾಯಿಂಟ್'.

ಇದೆಲ್ಲ ಶುರುವಾದದ್ದು ನನ್ನ ಹೆಂಡತಿ ಸತ್ಯಭಾಮಾಳ ಕೈರುಚಿಯಿಂದ. ಅನ್ನ, ಸಾರು, ಪಲ್ಯ, ಒಂದು ಗೊಜ್ಜು ಮಾಡಿ, ಬಿಸಾಡುವ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತುಂಬಿ, ಸುತ್ತಮುತ್ತಲ ಮನೆಗಳಿಗೆ ಮಧ್ಯಾಹ್ನದ ಊಟ ಕಳಿಸುತ್ತಿದ್ದಳು. ಸಹಾಯಕ್ಕೆ ನಾಲ್ಕು ಜನ ಹೆಂಗಸರು. ಅವರಲ್ಲಿ ಸಿದ್ದಾಪುರದ ತಿಮ್ಮಕ್ಕ ಮೊದಲ ದಿನದಿಂದಲೂ ಜೊತೆಗಿದ್ದವಳು. ಆದರೆ ಫೋನು ಒತ್ತಿದರೆ ಎಲ್ಲಿಂದಲೋ ಬಿಸಿ ಬಿರಿಯಾನಿ ಬಾಗಿಲಿಗೆ ಬರುವ ಕಾಲ ಬಂತು. ನಮ್ಮಿಂದ ಊಟ ತರಿಸುತ್ತಿದ್ದ ಮನೆಗಳು ಒಂದೊಂದಾಗಿ ಉದುರಿದವು. ತಿಮ್ಮಕ್ಕನಿಗೆ ಬೇರೆ ಕೆಲಸ ನೋಡಿಕೋ ಎಂದು ಹೇಳಬೇಕಾಗಿದ್ದ ದಿನ ಸತ್ಯಾ ಆಗಲೇ ಸೋಸಿಟ್ಟಿದ್ದ ಸೊಪ್ಪನ್ನು ಮತ್ತೆ ಸೋಸುತ್ತ ಕೂತಿದ್ದಳು.

ಅಂಥ ಹೊತ್ತಿನಲ್ಲಿ ಅವಳ ತಂಗಿಯ ಮಗ ಚಿರಂತ್ ಬಂದ. ಅವನು ಸೇರಿಕೊಂಡಿದ್ದ ಕಂಪನಿ ಪ್ಲಾಸ್ಟಿಕ್ ಇಲ್ಲದೆ ಊಟ ಸಾಗಿಸುವ ವ್ಯವಹಾರ ಶುರುಮಾಡಿತ್ತು.

"ಸರ್ಕ್ಯುಲರ್ ಸಪ್ಲೈ ಚೈನ್ ದೊಡ್ಡಪ್ಪ. ಹೋಗಿದ್ದು ವಾಪಸ್ ಬರ್ಬೇಕು, ತೊಳ್ದು ಮತ್ತೆ ಹೋಗ್ಬೇಕು. ಕಸ ಅನ್ನೋದೇ ಹುಟ್ಬಾರ್ದು. ಸಖತ್ ಐಡಿಯಾ ಅಲ್ವಾ?"

"ನಿಮ್ಮಜ್ಜಿ ಇದನ್ನ ಕ್ಯಾರಿಯರ್ ಅಂತಿದ್ರು ಕಣೋ" ಎಂದೆ.

"ಅಜ್ಜಿ ಹತ್ರ ಡೇಟಾ ಇರ್ಲಿಲ್ವಲ್ಲ ದೊಡ್ಡಪ್ಪ!"

ಹುಡುಗ ಒಳ್ಳೆಯವನೇ, ಬಾಯಿ ಮಾತ್ರ ಸ್ವಲ್ಪ ಮುಂದೆ. ಕಂಪನಿಯವರು ಡಬ್ಬಿ ಕೊಟ್ಟರು, ಡಬ್ಬಿ ತೊಳೆಯುವ ದೊಡ್ಡ ಯಂತ್ರ ಕೊಟ್ಟರು, ಎಲ್ಲಕ್ಕಿಂತ ಹೆಚ್ಚಾಗಿ ಜೆ.ಪಿ. ನಗರದ ಒಂದು ದೊಡ್ಡ ಆಫೀಸಿನ ಊಟದ ಆರ್ಡರ್ ತಂದುಕೊಟ್ಟರು. ಅಡುಗೆಮನೆ ಉಳಿಯಿತು, ತಿಮ್ಮಕ್ಕ ಉಳಿದಳು. ಷರತ್ತು ಒಂದೇ. ಕಳಿಸಿದ ನೂರು ಡಬ್ಬಿಯಲ್ಲಿ ತೊಂಬತ್ತಾದರೂ ಎರಡು ದಿನದೊಳಗೆ ಶುಚಿಯಾಗಿ ವಾಪಸ್ ಬರಬೇಕು. ದೀಪಾವಳಿ ಹೊತ್ತಿಗೆ ಆ ಮಟ್ಟ ಮುಟ್ಟದಿದ್ದರೆ ಯಂತ್ರವೂ ಹೋಗುತ್ತದೆ, ಆಫೀಸಿನ ಆರ್ಡರೂ ಹೋಗುತ್ತದೆ. ನಾವಾಗಿ ಬಿಡುತ್ತೇವೆ ಎಂದರೆ ಮೂರು ವರ್ಷ ಬಿಡುವಂತಿಲ್ಲ. ಸತ್ಯಾ ಸಹಿ ಹಾಕಿದಳು. ಬೇರೆ ದಾರಿ ಎಲ್ಲಿತ್ತು?

ಅಲ್ಲಿಂದ ನಾವು ಗಾಣಕ್ಕೆ ಕಟ್ಟಿದ ಎತ್ತುಗಳಾದೆವು. ಬೆಳಗಿನ ಜಾವ ಒಲೆ ಹಚ್ಚಬೇಕು, ಮಧ್ಯಾಹ್ನ ಡಬ್ಬಿ ಹೊರಡಬೇಕು, ಸಂಜೆ ಡಬ್ಬಿ ಬರಬೇಕು, ತೊಳೆದು ಒಣಗಿಸಿ ಜೋಡಿಸಬೇಕು. ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಸುತ್ತು ಎಲ್ಲೂ ಕಡಿಯಬಾರದಂತೆ. ಚಿಕ್ಕಲಸಂದ್ರದಲ್ಲಿ ತಂಗಿಯ ಹೊಸಮನೆಯ ಗೃಹಪ್ರವೇಶಕ್ಕೂ ಸತ್ಯಾ ಹೋಗಲಾಗಲಿಲ್ಲ. "ಕಿಟಕಿಯಿಂದ ಆಚೆ ನೋಡೋಕೂ ಪುರುಸೊತ್ತಿಲ್ಲ ಕಣ್ರೀ" ಎಂದು ಒಮ್ಮೆ ಹೇಳಿದಳು. ಕಿಟಕಿಯ ತುಂಬ ಹಬೆ ಕೂತಿತ್ತು. ಪುರುಸೊತ್ತಿದ್ದರೂ ಅವಳಿಗೆ ಏನೂ ಕಾಣುತ್ತಿರಲಿಲ್ಲ.

ಇಷ್ಟು ಮಾಡಿದರೂ ಡಬ್ಬಿಗಳು ಬರಲಿಲ್ಲ. ಆಫೀಸಿನವು ಲೆಕ್ಕದ ಪ್ರಕಾರ ಬರುತ್ತಿದ್ದವು, ಮನೆಗಳವು ಮಾತ್ರ ಇಲ್ಲ. ಕಂಪನಿಯ ನಕ್ಷೆಯಲ್ಲಿ ನಮ್ಮ ಬಡಾವಣೆ ಕೆಂಪಗೆ ಉರಿಯುತ್ತಿತ್ತು. "ಜನ ಕದೀತಿದಾರಾ ದೊಡ್ಡಮ್ಮ?" ಎಂದು ಚಿರಂತ್ ಕೇಳಿದ. ಸತ್ಯಾಳಿಗೆ ಸಿಟ್ಟು ನೆತ್ತಿಗೇರಿತು. ಕೊನೆಗೆ ನಾನೇ ಚೀಲ ಹಿಡಿದು ಮನೆ ಮನೆಗೆ ಹೊರಟೆ.

ಮೊದಲ ಮನೆಯಲ್ಲೇ ಗುಟ್ಟು ರಟ್ಟಾಯಿತು. ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆ ಫಳಫಳ ಹೊಳೆಯುತ್ತ ಕೂತಿತ್ತು. "ಖಾಲಿ ಹೇಗೆ ಕೊಡೋದು ಅಂಕಲ್? ನಾಳೆ ಏನಾದ್ರೂ ಮಾಡಿ ಹಾಕ್ಕೊಡ್ತೀನಿ" ಎಂದರು ಆ ಮನೆಯಾಕೆ. ಎರಡನೆಯ ಮನೆಯಲ್ಲೂ ಅದೇ ರಾಗ, ಮೂರನೆಯದರಲ್ಲೂ ಅದೇ. ಯಾರದೋ ಮನೆಯಲ್ಲಿ ಚಕ್ಕುಲಿಗೆ ಅಕ್ಕಿ ನೆನೆಹಾಕಿದ್ದರು, ಅದಾಗುವವರೆಗೆ ಡಬ್ಬಿ ಕಾಯಬೇಕು. ಇನ್ಯಾರೋ ಊರಿಂದ ಬೆಲ್ಲ ಬರಲಿ ಎಂದು ಕಾಯುತ್ತಿದ್ದರು. ದುಡ್ಡು ಕೊಟ್ಟು ತರಿಸಿಕೊಂಡ ಊಟವಾದರೂ ಸ್ಟೀಲ್ ಡಬ್ಬಿಯಲ್ಲಿ ಬಂದದ್ದೇ ತಡ, ನಮ್ಮ ಜನಕ್ಕೆ ಅದು ಪಕ್ಕದ ಮನೆಯಿಂದ ಬಂದ ಪಾತ್ರೆಯಾಗಿಬಿಟ್ಟಿತ್ತು. ಪಕ್ಕದ ಮನೆಯ ಪಾತ್ರೆಯನ್ನು ಬರಿದು ಮಾಡಿ ಹಿಂತಿರುಗಿಸುವ ಮನೆ ನಮ್ಮ ಕಡೆ ಯಾವುದಿದೆ? ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾರೆ. ಕಂಪನಿಯ ದೊಡ್ಡ ತಲೆಗಳು ಎಲ್ಲ ಯೋಚಿಸಿದ್ದರು, ಇದೊಂದನ್ನು ಬಿಟ್ಟು.

ಬಂದ ಡಬ್ಬಿಗಳೂ ತುಂಬಿಕೊಂಡೇ ಬರುತ್ತಿದ್ದವು. ಕರಿಬೇವು, ಕೊಬ್ಬರಿ ಮಿಠಾಯಿ, ನಾಲ್ಕು ನಿಂಬೆಹಣ್ಣು, ಯಾರದೋ ಹರಕೆಯ ಪ್ರಸಾದ. ಸತ್ಯಾ ಅದನ್ನು ಓದುತ್ತಿದ್ದಳು. "ಮೂಲೆ ಮನೇಲಿ ಮಗಳು ಬಂದಿದಾಳೆ, ಅದಕ್ಕೇ ಹೋಳಿಗೆ" ಎನ್ನುತ್ತಿದ್ದಳು. "ಇವರ ಮನೇಲಿ ಯಾರಿಗೋ ಹುಷಾರಿಲ್ಲ, ಬರೀ ಸಕ್ಕರೆ ಹಾಕಿದಾರೆ ನೋಡಿ." ಹಬೆ ಕವಿದ ಆ ಅಡುಗೆಮನೆಯಲ್ಲಿ ಅವಳಿಗಿದ್ದ ಕಿಟಕಿ ಅದೊಂದೇ. ಆದರೆ ಹೋಳಿಗೆ ಕಳಿಸಿದವರಿಗೆ ಮರುದಿನ ಇವಳು ಏನಾದರೂ ಹೆಚ್ಚಿಗೆ ಹಾಕಲೇಬೇಕು. ಅದಕ್ಕೆ ಅವರು ಇನ್ನೇನೋ ಹಾಕುತ್ತಾರೆ. ಕಂಪನಿಯ ಸುತ್ತು ಒಂದಾದರೆ ಇದು ಇನ್ನೊಂದು ಸುತ್ತು. ಎರಡರ ಮಧ್ಯೆ ನಾವಿಬ್ಬರು ಅಪ್ಪಚ್ಚಿಯಾಗುತ್ತಿದ್ದೆವು.

ಒಂದು ದಿನ ಯಾರೂ ನೋಡದೆ ಒಳಗಿಟ್ಟ ಡಬ್ಬಿಯಲ್ಲಿದ್ದ ಅವಲಕ್ಕಿ ತೊಳೆಯುವ ಯಂತ್ರದ ಗಂಟಲಿಗೆ ಸಿಕ್ಕಿ ಅದು ಕೆಟ್ಟು ನಿಂತಿತು. ನಾವೆಲ್ಲ ರಾತ್ರಿಯ ಊಟ ಬಿಟ್ಟು ಕೈಯಲ್ಲಿ ತಿಕ್ಕಿದೆವು. ಮರುದಿನವೇ ಚಿರಂತ್ ಒಂದು ಕಟ್ಟು ಚೀಟಿ ತಂದ. ಮುಚ್ಚಳದ ಮೇಲೆ ಅಂಟಿಸಬೇಕಂತೆ. 'ದಯವಿಟ್ಟು ಡಬ್ಬಿಯನ್ನು ಖಾಲಿಯಾಗಿಯೇ ಹಿಂತಿರುಗಿಸಿ.'

"ಇದನ್ನ ಹೇಗೋ ಅಂಟ್ಸೋದು?" ಎಂದಳು ಸತ್ಯಾ. "ನಿಮ್ಮನೇದು ನಂಗೆ ಬೇಡ ಅಂದ ಹಾಗಲ್ವಾ?"

"ದೊಡ್ಡಮ್ಮ, ನಾನು ನಿಮ್ಮ ಪರವಾಗಿ ಅವರ ಕಾಲು ಹಿಡಿದು ನಿಲ್ಲಿಸಿದೀನಿ. ದೀಪಾವಳಿ ಆದ್ಮೇಲೆ ಒಂದು ದಿನಾನೂ ಕಾಯಲ್ಲ. ನೀವೇ ಯೋಚ್ನೆ ಮಾಡಿ."

ತಿಮ್ಮಕ್ಕ ಬಾಗಿಲ ಹತ್ತಿರ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಸತ್ಯಾ ಅವಳ ಮುಖ ನೋಡಿದಳು, ಆಮೇಲೆ ಚೀಟಿಯ ಕಟ್ಟು ತೆಗೆದುಕೊಂಡು ಮೊದಲ ಮುಚ್ಚಳಕ್ಕೆ ತಾನೇ ಅಂಟಿಸಿದಳು.

ಚೀಟಿ ಕೆಲಸ ಮಾಡಿತು. ಮೊದಮೊದಲು ಜನ ಸಂಕೋಚಪಟ್ಟರು, ಆಮೇಲೆ ನಿಟ್ಟುಸಿರು ಬಿಟ್ಟರು. ದಿನಾ ಚಕ್ಕುಲಿ ಕರಿಯುವ ಕಷ್ಟ ತಪ್ಪಿತಲ್ಲ. ಊಟದ ಚೀಲ ತಂದು ಗೇಟಿಗೆ ನೇತುಹಾಕುವವನು ವಿಷ್ಣು, ಬಿ.ಟಿ.ಎಂ. ಕಡೆಯವನು, ಕಂಪನಿಯ ಬ್ಯಾಟರಿ ಸ್ಕೂಟರಿನವನು. ಹಳೆಯ ಚೀಲ ಅದೇ ಗೇಟಿನಲ್ಲಿ ನೇತಾಡುತ್ತಿರುತ್ತದೆ, ಎತ್ತಿಕೊಂಡು ಬರುತ್ತಾನೆ. ಬೆಲ್ ಒತ್ತುವಂತಿಲ್ಲ, ಹೊತ್ತು ಹಾಳು. ಕೆಂಪಗಿದ್ದ ನಕ್ಷೆ ಹಳದಿಗೆ ತಿರುಗಿತು.

ಹಟ ಹಿಡಿದವರು ಒಬ್ಬರೇ, ಎರಡು ಕ್ರಾಸ್ ಆಚೆಯ ಕಮಲಾದೇವಿ. ಶಾಲೆಯಲ್ಲಿ ಕನ್ನಡ ಮೇಡಂ ಆಗಿದ್ದವರು, ಮದುವೆಯಾಗಿರಲಿಲ್ಲ, ತಮ್ಮ ಸೋಮನಾಥ್ ಅವರ ಜೊತೆ ಇದ್ದರು. ಅಕ್ಕ ತಮ್ಮ ಇಬ್ಬರೂ ಎಪ್ಪತ್ತು ದಾಟಿದವರು, ದಿನವಿಡೀ ಪದಬಂಧಕ್ಕಾಗಿ ಜಗಳವಾಡುತ್ತಿದ್ದವರು. ಸತ್ಯಾ ಊಟ ಕಳಿಸಲು ಶುರುಮಾಡಿದಾಗ ತಮ್ಮ ಮನೆಯ ದೊಡ್ಡ ಕೊಳದಪ್ಪಲೆ ಹೊತ್ತು ತಂದುಕೊಟ್ಟು ಮೊದಲ ಊಟ ಬರೆಸಿದವರು ಇದೇ ಕಮಲಕ್ಕ. ಚೀಟಿ ಬಂದ ಮೇಲೂ ಅವರ ಡಬ್ಬಿಯಲ್ಲಿ ಏನಾದರೊಂದು ಇದ್ದೇ ಇರುತ್ತಿತ್ತು. ಎರಡು ಕೋಡುಬಳೆ, ಕಾಗದದಲ್ಲಿ ಸುತ್ತಿದ ಖರ್ಜೂರ, ಒಂದು ದಿನ ಚೀಟಿಯನ್ನೇ ಕಿತ್ತು ಅದರ ಹಿಂದೆ 'ಕಾಗುಣಿತ ಸರಿಯಿದೆ, ಮಾತು ಸರಿಯಿಲ್ಲ' ಎಂದು ಬರೆದು ಅದರೊಳಗೆ ಕಲ್ಲುಸಕ್ಕರೆ. ಫೋನಿನಲ್ಲಿ ಅವರ ಮನೆ 'ಕಲುಷಿತ' ಎಂದೇ ಬೀಳುತ್ತಿತ್ತು. ಅವರ ಎರಡು ಡಬ್ಬಿಯಿಂದಾಗಿ ನಮ್ಮ ಲೆಕ್ಕ ತೊಂಬತ್ತರ ಹೊಸ್ತಿಲಲ್ಲೇ ಎಡವುತ್ತಿತ್ತು.

ಸತ್ಯಾ ಫೋನು ಮಾಡಿದಳು. "ಕಮಲಕ್ಕ, ಕೈ ಮುಗೀತೀನಿ, ಏನೂ ಹಾಕ್ಬೇಡಿ. ನಮ್ಮ ಅಡುಗೆಮನೆ ಮುಚ್ಚೋಗತ್ತೆ."

"ಬೇರೆ ಏನು ಬೇಕಾದ್ರೂ ಕೇಳು ಸತ್ಯಾ. ಅದೊಂದು ಕೇಳ್ಬೇಡ" ಎಂದು ಅವರು ಫೋನಿಟ್ಟರು.

"ಆ ಮನೆಗೆ ಊಟ ನಿಲ್ಸಿಬಿಡಿ ದೊಡ್ಡಮ್ಮ" ಎಂದ ಚಿರಂತ್. ಸತ್ಯಾ ಆಗಲ್ಲ ಎಂದಳು. ದೀಪಾವಳಿ ಹತ್ತಿರ ಬರುತ್ತಿತ್ತು. ಅವಳಿಗೆ ಎದೆಯುರಿ ಶುರುವಾಯಿತು. ಹೋಗಿ ಎದುರು ಕೂತು ಒಪ್ಪಿಸೋಣವೆಂದರೆ ಎರಡು ಕ್ರಾಸ್ ನಡೆಯುವಷ್ಟು ಹೊತ್ತು ಅವಳನ್ನು ಒಲೆ ಬಿಡುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಕಮಲಕ್ಕನ ಚೀಲ ಬಿಚ್ಚಿದೆ. ಎರಡು ಡಬ್ಬಿ. ಮುಚ್ಚಳ ತೆಗೆದೆ. ಖಾಲಿ. ಬೆರಳಾಡಿಸಿದೆ, ಒಂದು ಸಾಸಿವೆ ಕಾಳೂ ಇಲ್ಲ. ಫೋನು ಹಿಡಿದೆ, ಟಿಣ್, ಹಸಿರು.

"ಸತ್ಯಾ! ನಿಮ್ಮ ಮೇಡಂ ಸೋತ್ರು!"

ಅವಳು ಸೌಟು ಹಿಡಿದೇ ಓಡಿ ಬಂದಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಎಷ್ಟೋ ತಿಂಗಳ ಮೇಲೆ ಅವಳು ನಗುವುದನ್ನು ನೋಡಿದೆ. "ಕೇಳಿಬಿಟ್ರಲ್ರೀ ನನ್ನ ಮಾತು! ತಿಮ್ಮಕ್ಕ, ಸ್ವಲ್ಪ ಕೇಸರಿಬಾತ್ ಮಾಡೋಣ ಬಾ." ನಾವೆಲ್ಲ ತಿಂದೆವು. ಮರುದಿನವೂ ಖಾಲಿ, ಅದರ ಮರುದಿನವೂ ಖಾಲಿ. ನಕ್ಷೆ ಹಸಿರಾಯಿತು. ದೀಪಾವಳಿಗೆ ಮೊದಲೇ ಕಂಪನಿಯಿಂದ ಸಂದೇಶ ಬಂತು. ನಮ್ಮ ಅಡುಗೆಮನೆ ಗೆದ್ದಿದೆ, ಆಫೀಸಿನ ಆರ್ಡರ್ ಮುಂದುವರಿಯುತ್ತದೆ. ತಿಮ್ಮಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಗೆದ್ದದ್ದಕ್ಕೆ ಕಂಪನಿ ಇನ್ನೊಂದು ಕೆಲಸ ಹಚ್ಚಿತು. ಪ್ರತಿ ಬಡಾವಣೆಯಲ್ಲೂ ಒಂದು 'ಮಾದರಿ ಮನೆ'ಯನ್ನು ಕಂಪ್ಯೂಟರೇ ಆರಿಸುತ್ತದಂತೆ. ಅತಿ ಕೆಟ್ಟ ಸ್ಥಿತಿಯಿಂದ ಅತಿ ಒಳ್ಳೆಯ ಸ್ಥಿತಿಗೆ ಬಂದ ಮನೆ. ನಮ್ಮ ಕಡೆ ಅದು ಯಾವುದೆಂದು ಬೇರೆ ಹೇಳಬೇಕೆ? ಚೌಕಟ್ಟು ಹಾಕಿದ ಅಭಿನಂದನಾ ಪತ್ರ, ಒಂದು ತುಳಸಿ ಸಸಿ. ನಾವೇ ಹೋಗಿ ಕೊಟ್ಟು, ನಗುನಗುತ್ತಾ ಫೋಟೋ ತೆಗೆದು ಕಳಿಸಬೇಕು. ಅದಕ್ಕಾಗಿ ಸತ್ಯಾಳಿಗೆ ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು. ಯುಗಾದಿಯ ನಂತರ ಅವಳು ಮನೆಯಿಂದ ಹೊರಗೆ ಕಾಲಿಟ್ಟದ್ದು ಅದೇ ಮೊದಲು. ರೇಷ್ಮೆ ಸೀರೆ ಉಟ್ಟಳು. ದಾರಿಯುದ್ದಕ್ಕೂ ಸಣ್ಣ ಹುಡುಗಿಯ ಹಾಗೆ ಮಾತಾಡಿದಳು. ಕಮಲಕ್ಕ ಬೈಯುತ್ತಾರೆ, ಬೈಯಲಿ, ಕೂತು ಬೈಸಿಕೊಂಡು ಕಾಫಿ ಕುಡಿದು ಬರುತ್ತೇನೆ ಎಂದಳು.

ಬಾಗಿಲು ತೆರೆದೇ ಇತ್ತು. ಒಳಗೆ ಹೋದವರು ಹಾಗೇ ನಿಂತೆವು. ಹಾಲ್‌ನ ಗೋಡೆಯ ಹತ್ತಿರ ಸ್ಟೂಲಿನ ಮೇಲೆ ಸೋಮನಾಥ್ ಅವರ ಫೋಟೋ. ಸುಗಂಧರಾಜದ ಹಾರ ಒಣಗಿತ್ತು, ಮುಂದೆ ದೀಪ ಉರಿಯುತ್ತಿತ್ತು. ನನ್ನ ಕೈಯಲ್ಲಿದ್ದ ಚೌಕಟ್ಟಿನಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು. 'ಶ್ರೀ ಸೋಮನಾಥ್ ಅವರಿಗೆ ಹಾರ್ದಿಕ ಅಭಿನಂದನೆಗಳು.' ಫೋನಿನಲ್ಲಿ ಊಟ ಬರೆಸಲು ಬರುತ್ತಿದ್ದವರು ಅವರೊಬ್ಬರೇ, ತಿಂಗಳ ಆರ್ಡರ್ ಅವರ ಹೆಸರಿನಲ್ಲಿತ್ತು. ನಾನು ಅದನ್ನು ಬೆನ್ನ ಹಿಂದೆ ಮರೆಮಾಡಿಕೊಳ್ಳಲು ನೋಡಿದೆ, ಅಷ್ಟರಲ್ಲಿ ಕಮಲಕ್ಕ ಓದಿಬಿಟ್ಟಿದ್ದರು. ಮೇಡಂ ಅಲ್ಲವೇ, ಓದುವುದು ಬೇಗ.

"ಕೂತ್ಕೊಳ್ಳಿ" ಎಂದರು.

ಸತ್ಯಾ ಕೂರಲಿಲ್ಲ. "ಯಾವಾಗ ಕಮಲಕ್ಕ?"

"ಮಹಾಲಯ ಅಮಾವಾಸ್ಯೆ ಆದ ವಾರ. ಎದೆ ನೋವು ಅಂದ. ಆಸ್ಪತ್ರೆಗೆ ಸೇರಿಸಿದ್ವಿ, ಅಲ್ಲಿಂದ ಹಾಗೇ ಬನಶಂಕರಿ ಚಿತಾಗಾರಕ್ಕೆ. ಮನೆಗೂ ತರ್ಲಿಲ್ಲ. ಅಂಜನಾಪುರದಿಂದ ನಮ್ಮಣ್ಣನ ಮಗ ಬಂದು ಕರ್ಮ ಎಲ್ಲ ಮುಗಿಸ್ಕೊಟ್ಟ. ಮೊನ್ನೆಯವರೆಗೂ ಇಲ್ಲೇ ಇದ್ದ, ಎರಡನೇ ಊಟ ಅವನಿಗಾಯ್ತು."

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕ?" ಸತ್ಯಾಳ ದನಿ ಒಡೆಯಿತು. "ಎರಡು ಕ್ರಾಸ್ ಈಚೆ ಇದೀನಿ. ಹೇಳಿ ಕಳಿಸ್ಬಾರ್ದಿತ್ತಾ?"

ಕಮಲಕ್ಕ ಅವಳನ್ನು ನಿಜವಾಗಿಯೂ ಅರ್ಥವಾಗದವರ ಹಾಗೆ ನೋಡಿದರು.

"ಹೇಳಿದ್ನಲ್ಲ ಸತ್ಯಾ. ಡಬ್ಬಿ ಖಾಲಿ ಕಳಿಸಿದ್ನಲ್ಲ."

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಅಡುಗೆ ಮಾಡಿ ತಂದುಕೊಡುತ್ತಾರೆ. ಆ ಪಾತ್ರೆಗಳು ಮಾತ್ರ ಖಾಲಿಯೇ ಹಿಂತಿರುಗಬೇಕು. ಸೂತಕದ ಮನೆಯಿಂದ ಇನ್ನೊಬ್ಬರ ಮನೆಗೆ ಒಂದು ಕಾಳೂ ಹೋಗಬಾರದು. ಇದು ನನಗೂ ಗೊತ್ತು, ಸತ್ಯಾಳಿಗೂ ಗೊತ್ತು, ನಮ್ಮ ಕಡೆ ಯಾರನ್ನು ಕೇಳಿದರೂ ಗೊತ್ತು. ಖಾಲಿ ಪಾತ್ರೆ ಬಂದರೆ ಎದ್ದು ಹೋಗಿ ಕೂತು ಬರಬೇಕು. ನಾವು ಕೇಸರಿಬಾತ್ ಮಾಡಿ ತಿಂದೆವು.

"ಊಟ ಒಂದಿನಾನೂ ತಪ್ಪದೆ ಬರ್ತಿತ್ತು" ಎಂದರು ಕಮಲಕ್ಕ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ತಡೆದುಕೊಳ್ಳಲಾಗದ್ದು. "ಗೊತ್ತಾಗೇ ಕಳಿಸ್ತಿದೀಯ ಅಂದ್ಕೊಂಡೆ. ಇವತ್ತು ಬರ್ತೀಯ, ನಾಳೆ ಬರ್ತೀಯ ಅಂತ ಬಾಗ್ಲು ಹಾಕ್ತಿರ್ಲಿಲ್ಲ."

ಸತ್ಯಾ ಅವರ ಕಾಲ ಬಳಿ ನೆಲದ ಮೇಲೆ ಕುಸಿದು ಕೂತಳು. ರೇಷ್ಮೆ ಸೀರೆಯ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನನ್ನ ಜೇಬಿನಲ್ಲಿ ಫೋನು ಕುಣಿಯುತ್ತಿತ್ತು. ಫೋಟೋ ಕಳಿಸಿ ಎಂದು ಕಂಪನಿಯಿಂದ ಜ್ಞಾಪನೆ. ಒತ್ತಿ ನಿಲ್ಲಿಸಿದೆ, ಮತ್ತೆ ಬಂತು. ತೆಗೆದು ಗೋಡೆಗೆ ಬಡಿಯಬೇಕು ಎನಿಸಿತು. ಬಡಿದರೂ ಕಂಪನಿ ಇನ್ನೊಂದು ಕೊಡುತ್ತದೆ.

ದಾರಿಯಲ್ಲಿ ಸತ್ಯಾ ಒಂದೇ ಮಾತು ಆಡಿದಳು. "ನಿಲ್ಸಿಬಿಡೋಣ ಕಣ್ರೀ."

ನಿಲ್ಲಿಸುವಂತಿಲ್ಲ ಎಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮೂರು ವರ್ಷದಲ್ಲಿ ಒಂದೂ ಮುಗಿದಿರಲಿಲ್ಲ. ಗೇಟಿನ ಹತ್ತಿರವೇ ತಿಮ್ಮಕ್ಕ ಕಾಯುತ್ತಿದ್ದಳು. "ಅಮ್ಮ, ನಾಳೆಗೆ ಹುರುಳಿಕಾಯಾ, ಬೀಟ್‌ರೂಟಾ?" ಎಂದು ಕೇಳಿದಳು. ಸತ್ಯಾ ಅವಳ ಮುಖ ನೋಡಿದಳು. ಆಮೇಲೆ "ಹುರುಳಿಕಾಯಿ" ಎಂದು ಒಳಗೆ ಹೋಗಿ ಸೀರೆ ಬದಲಾಯಿಸಿದಳು.

ಮರುದಿನ ಸಂಜೆ ವಿಷ್ಣು ಎಂದಿನಂತೆ ಚೀಲಗಳನ್ನು ತಂದು ವರಾಂಡದಲ್ಲಿ ಇಳಿಸಿದ. ನಾನು ಫೋನು ಕೈಗೆತ್ತಿಕೊಳ್ಳುವಷ್ಟರಲ್ಲಿ ಸತ್ಯಾ ಒಳಗಿನಿಂದ ಬಂದು ಮೊದಲ ಡಬ್ಬಿಯ ಮುಚ್ಚಳ ತೆಗೆದಳು. ಖಾಲಿ.

"ಇದ್ಯಾರ ಮನೇದು ವಿಷ್ಣು?"

"ಪಾರ್ಕ್ ಎದುರಿನ ಡಾಕ್ಟ್ರ ಮನೇದು ಆಂಟಿ."

"ಅವರ ಮನೇಲಿ ಯಾರಿಗೇನಾಯ್ತು?"

ವಿಷ್ಣು ನನ್ನ ಮುಖ ನೋಡಿದ. "ಏನೂ ಆಗಿಲ್ಲ ಆಂಟಿ. ಖಾಲಿ ಇರ್ಬೇಕು ಅಂತ ರೂಲ್ಸ್ ಅಲ್ವಾ?"

"ನೀನು ನೋಡಿದ್ಯಾ ಅವರನ್ನ?"

"ಇಲ್ಲ ಆಂಟಿ, ಗೇಟಲ್ಲಿ ನೇತಾಕಿರ್ತಾರಲ್ಲ."

ಅವಳು ಎರಡನೆಯದನ್ನು ತೆರೆದಳು. ಖಾಲಿ. ಅದೇ ಪ್ರಶ್ನೆ ಕೇಳಿದಳು, ಅದೇ ಉತ್ತರ ಬಂತು. ವರಾಂಡದ ತುಂಬ ಇನ್ನೂ ಚೀಲಗಳಿದ್ದವು. ಅವಳು ಮೂರನೆಯ ಡಬ್ಬಿಯನ್ನು ಕೈಗೆತ್ತಿಕೊಂಡು, ಮುಚ್ಚಳದ ಮೇಲೆ ಕೈಯಿಟ್ಟು, ತೆರೆಯದೆ, "ಇದು?" ಎಂದಳು.